ಯಾದಗಿರಿಗೆ ತನ್ನದೇ ಲೋಕಸಭಾ ಕ್ಷೇತ್ರ ಸಿಗುತ್ತದೆಯೇ?

ಪ್ರಶ್ನೆ: ನಾನು ಗುರುಮಠಕಲ್ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕ. ನಮ್ಮದು ಯಾದಗಿರಿ ಜಿಲ್ಲೆ, ಆದರೆ ಲೋಕಸಭೆಗೆ ಓಟು ಹಾಕುವುದು ಗುಲ್ಬರ್ಗಾ ಕ್ಷೇತ್ರಕ್ಕೆ. ನಮ್ಮ ಅಕ್ಕನ ಮನೆ ಶಹಾಪುರದಲ್ಲಿದೆ. ಅವರದು ರಾಯಚೂರು ಕ್ಷೇತ್ರ. ಜಿಲ್ಲೆ ಒಂದು, ಎಂಪಿ ಇಬ್ಬರು. ಈಗ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ‘ಹೊಸ ಯಾದಗಿರಿ ಲೋಕಸಭಾ ಕ್ಷೇತ್ರ’ ಅಂತ ಒಂದು ನಕ್ಷೆ ಓಡಾಡುತ್ತಿದೆ. ಯಾದಗಿರಿಯ ನಾಲ್ಕು ವಿಧಾನಸಭಾ ಕ್ಷೇತ್ರಗಳ ಜೊತೆ ಜೇವರ್ಗಿ, ಸೇಡಂ, ದೇವದುರ್ಗ ಸೇರಿಸಿದ್ದಾರೆ. ಇದು ಪಕ್ಕಾ ಅಂತ ಕೆಲವರು ಹೇಳುತ್ತಾರೆ. ಮೀಸಲಾತಿ ಬದಲಾಗುತ್ತದೆ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371ಜೆ ವಿಶೇಷ ಸೌಲಭ್ಯ ಹೋಗುತ್ತದೆ ಅಂತ ಇನ್ನು ಕೆಲವರು ಹೆದರಿಸುತ್ತಾರೆ. ಸಹಿ ಸಂಗ್ರಹ ಬೇರೆ ಶುರುವಾಗಿದೆ, ಖರ್ಚಿಗೆ ಅಂತ ಮನೆಗೆ ನೂರು ರೂಪಾಯಿ ಕೇಳುತ್ತಿದ್ದಾರೆ. ಇದರಲ್ಲಿ ನಿಜ ಎಷ್ಟು? ನಾವು ಮಾಡಬೇಕಾದ್ದು ಏನು?

ಉತ್ತರ: ಮಾಸ್ತರರೇ, ನಕ್ಷೆಯ ಮಾತು ಮೊದಲು ಮುಗಿಸಿಬಿಡೋಣ. ಕ್ಷೇತ್ರದ ಗಡಿ ಬದಲಾಗುವಾಗ ಮರುವಿಂಗಡಣಾ ಆಯೋಗದ ಕರಡು ಗೆಜೆಟ್‌ನಲ್ಲಿ ಬರುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಅದರಲ್ಲಿ ಯಾವ ಯಾವ ಪ್ರದೇಶ ಯಾವ ಕ್ಷೇತ್ರಕ್ಕೆ ಸೇರುತ್ತದೆ, ಜನಸಂಖ್ಯೆ ಎಷ್ಟು, ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಎಲ್ಲ ಇರುತ್ತದೆ. ಇವು ಯಾವುವೂ ಇಲ್ಲದ ನಕ್ಷೆ ಯಾರೋ ಮನೆಯಲ್ಲಿ ಕೂತು ಬಣ್ಣ ಹಚ್ಚಿದ್ದು. ಅದನ್ನು ಮುಂದಕ್ಕೆ ಕಳಿಸಬೇಡಿ.

ಆದರೆ ಆ ನಕ್ಷೆಯ ಹಿಂದಿರುವ ಆಸೆ ಸುಳ್ಳಲ್ಲ. ಕಂದಾಯ ಇಲಾಖೆಯಲ್ಲಿದ್ದಾಗ ಚುನಾವಣಾ ಶಾಖೆಯ ಕಡತಗಳನ್ನು ನೋಡಿಕೊಂಡವನು ನಾನು. ಹಿಂದಿನ ಮರುವಿಂಗಡಣೆ ಹೊತ್ತಿನಲ್ಲಿ ಬಂದ ಮನವಿಗಳನ್ನೂ ಓದಿದ್ದೇನೆ. ನಿಮ್ಮ ಹಾಗೇ ಬಹಳ ಜನರಿಗೆ ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಒಂದು ರೈಲು ನಿಲುಗಡೆ, ಒಂದು ಹೆದ್ದಾರಿ ಕೇಳಬೇಕಾದರೆ ಯಾರ ಬಾಗಿಲಿಗೆ ಹೋಗಬೇಕು ಅನ್ನೋ ಪ್ರಶ್ನೆ.

ನಿಮಗೆ ಆಶ್ಚರ್ಯ ಆಗಬಹುದು, ಯಾದಗಿರಿ ಹೆಸರಿನ ಲೋಕಸಭಾ ಕ್ಷೇತ್ರ ಹಿಂದೊಮ್ಮೆ ಇತ್ತು. ನಾವು ಹೈದರಾಬಾದ್ ರಾಜ್ಯದಲ್ಲಿದ್ದಾಗ, 1951-52ರ ಮೊದಲ ಚುನಾವಣೆಯಲ್ಲಿ, ಕೃಷ್ಣಾಚಾರ್ಯ ಜೋಶಿ ಅವರು ಯಾದಗಿರಿಯಿಂದ ಗೆದ್ದಿದ್ದರು. ಅದೇ ಚುನಾವಣೆಯಲ್ಲಿ ಗುಲ್ಬರ್ಗಾದಿಂದ ಆರಿಸಿ ಹೋದವರು ಸ್ವಾಮಿ ರಮಾನಂದ ತೀರ್ಥರು. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆ ಆಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1957ರ ಚುನಾವಣೆ ಹೊತ್ತಿಗೆ ಆ ಕ್ಷೇತ್ರ ಇರಲಿಲ್ಲ. ಹಾಗಾಗಿ ‘ಯಾದಗಿರಿಗೆ ಯಾವತ್ತೂ ಇರಲಿಲ್ಲ’ ಅನ್ನುವುದೂ ತಪ್ಪು, ‘ಒಮ್ಮೆ ಇತ್ತು, ಈಗ ಕೊಡಲೇಬೇಕು’ ಅನ್ನುವುದೂ ನಿಲ್ಲುವ ವಾದವಲ್ಲ. ಕ್ಷೇತ್ರ ಇತಿಹಾಸ ನೋಡಿ ಹುಟ್ಟುವುದಿಲ್ಲ. ತಲೆ ಎಣಿಕೆ ನೋಡಿ ಹುಟ್ಟುತ್ತದೆ.

ಜಿಲ್ಲೆ ಒಂದು, ಎಂಪಿ ಇಬ್ಬರು ಅಂದಿರಿ. ಹೀಗೆ ಯಾಕಾಯಿತು ಅನ್ನೋದಕ್ಕೆ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಕರ್ನಾಟಕದಲ್ಲಿ 28 ಲೋಕಸಭಾ ಕ್ಷೇತ್ರ, 224 ವಿಧಾನಸಭಾ ಕ್ಷೇತ್ರ. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಇರಬೇಕು, ಅದನ್ನು ಒಡೆಯುವ ಹಾಗಿಲ್ಲ ಅಂತ ಕಾನೂನೇ ಹೇಳುತ್ತದೆ. 224ನ್ನು 28ರಿಂದ ಭಾಗಿಸಿದರೆ ಎಂಟು. ಒಬ್ಬ ಎಂಪಿಗೆ ಎಂಟು ಎಂಎಲ್‌ಎ ಕ್ಷೇತ್ರ. ನಮ್ಮ ರಾಜ್ಯದಲ್ಲಿ ಎಲ್ಲ ಕಡೆ ಹೀಗೇ.

ಈಗಿನ ಗಡಿಗಳು 2001ರ ಜನಗಣತಿ ಮೇಲೆ ನಿಂತಿವೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಎಳೆದ ಗೆರೆಗಳವು. 2008ರ ವಿಧಾನಸಭಾ ಚುನಾವಣೆಯಿಂದ ಇಲ್ಲಿ ಜಾರಿಗೆ ಬಂದವು. ಆಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ! ಜಿಲ್ಲೆ ಆಗಿದ್ದು 2009ರ ಡಿಸೆಂಬರ್ ಕೊನೆಗೆ. ಗೆರೆ ಎಳೆಯುವವರ ಕಣ್ಣಿಗೆ ಕಂಡದ್ದು 13 ವಿಧಾನಸಭಾ ಕ್ಷೇತ್ರಗಳ ದೊಡ್ಡ ಗುಲ್ಬರ್ಗಾ ಜಿಲ್ಲೆ. ಎಂಟು ಗುಲ್ಬರ್ಗಾ ಲೋಕಸಭೆಗೆ ಉಳಿದವು. ಬೀದರ್ ಜಿಲ್ಲೆಯಲ್ಲಿ ಆರೇ ಇದ್ದವು, ಎಂಟು ಮಾಡಲು ಆಳಂದ ಮತ್ತು ಚಿಂಚೋಳಿಯನ್ನು ಅಲ್ಲಿಗೆ ಕೊಟ್ಟರು. ಉಳಿದ ಮೂರು, ಅಂದರೆ ಸುರಪುರ, ಶಹಾಪುರ, ಯಾದಗಿರಿ, ರಾಯಚೂರಿಗೆ ಹೋದವು. ರಾಯಚೂರಿನ ಸಿಂಧನೂರು, ಮಸ್ಕಿ ಕೊಪ್ಪಳಕ್ಕೆ ಹೋದವು. ಗುರುಮಠಕಲ್ ಎಂಟರ ಗುಂಪಿನಲ್ಲೇ ಉಳಿಯಿತು. ಆಮೇಲೆ ಜಿಲ್ಲೆ ಒಡೆದಾಗ ನೀವು ಯಾದಗಿರಿಗೆ ಬಂದಿರಿ, ನಿಮ್ಮ ಲೋಕಸಭಾ ಗೆರೆ ಮಾತ್ರ ಇದ್ದಲ್ಲೇ ಇತ್ತು. ಯಾರೂ ಬೇಕಂತ ನಿಮ್ಮನ್ನು ಬೇರೆ ಮಾಡಿದ್ದಲ್ಲ.

ಜಿಲ್ಲೆ, ತಾಲ್ಲೂಕು ರಾಜ್ಯ ಸರ್ಕಾರ ಮಾಡುವಂಥವು. ಕ್ಷೇತ್ರ ಆಯೋಗ ಮಾಡುವಂಥದ್ದು. ಎರಡಕ್ಕೂ ಗಂಟು ಹಾಕಬೇಡಿ. ಬೀದರ್ ಜಿಲ್ಲೆಯ ಹುಲಸೂರು ನೋಡಿ. 2008ರವರೆಗೆ ಅದು ವಿಧಾನಸಭಾ ಕ್ಷೇತ್ರವಾಗಿತ್ತು, ತಾಲ್ಲೂಕಾಗಿರಲಿಲ್ಲ. ಕ್ಷೇತ್ರ ಹೋಯಿತು, ಆಮೇಲೆ ತಾಲ್ಲೂಕು ಬಂತು. ನಮ್ಮ ಕಡೆ ಕಮಲಾಪುರ, ಶಹಾಬಾದ್ ಕಥೆಯೂ ಅದೇ. ಊರಿನ ಹೆಸರು 2014ರಲ್ಲಿ ಕಲಬುರಗಿ ಆದರೂ ಕ್ಷೇತ್ರದ ಹೆಸರು ಇವತ್ತಿಗೂ ಗುಲ್ಬರ್ಗಾ ಅಂತಲೇ ಉಳಿದಿದೆ.

ಸರಿ, ಮುಂದೆ ಬರಬಹುದಾ? ಸೀಟುಗಳ ಸಂಖ್ಯೆ 1971ರ ಜನಗಣತಿಗೆ ಹೆಪ್ಪುಗಟ್ಟಿದೆ. 1976ರ 42ನೇ ತಿದ್ದುಪಡಿ ಅದನ್ನು ನಿಲ್ಲಿಸಿತು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿತು. 1971ರಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ. 2011ರಲ್ಲಿ 6.11 ಕೋಟಿ. 1971ರ ಎಣಿಕೆ ಮೇಲೆ ಗೊತ್ತಾದ ಎಂಪಿಗಳು ಇಪ್ಪತ್ತೆಂಟು, ಈಗಲೂ ಇಪ್ಪತ್ತೆಂಟು. ಹೊಸ ಸಂಸತ್ ಭವನದ ಲೋಕಸಭಾ ಸಭಾಂಗಣದಲ್ಲಿ 888 ಆಸನ ಹಾಕಿದ್ದಾರೆ. ಅದನ್ನು ನೋಡಿಯೇ ಊರೂರಲ್ಲಿ ಹೊಸ ಕ್ಷೇತ್ರದ ಮಾತು ಎದ್ದಿರುವುದು. ಆದರೆ ಆಸನ ಹಾಕಿದ ಮಾತ್ರಕ್ಕೆ ಕ್ಷೇತ್ರ ಹುಟ್ಟುವುದಿಲ್ಲ. ಸೀಟು ಎಷ್ಟು ಹೆಚ್ಚಬೇಕು, ಯಾವ ರಾಜ್ಯಕ್ಕೆ ಎಷ್ಟು ಅನ್ನೋದನ್ನು ಸಂಸತ್ತು ಕಾನೂನು ಮಾಡಿ ತೀರ್ಮಾನಿಸಬೇಕು. ಅಲ್ಲಿ ದಕ್ಷಿಣದ ರಾಜ್ಯಗಳಿಗೆ ನ್ಯಾಯವಾದ ಆತಂಕ ಇದೆ. ಬರೀ ಜನಸಂಖ್ಯೆ ನೋಡಿ ಹಂಚಿದರೆ ಕುಟುಂಬ ಯೋಜನೆ ಮಾಡಿದವರ ಪಾಲು ಕರಗುತ್ತದೆ.

ಯಾದಗಿರಿ ಮಟ್ಟಿಗೆ ಲೆಕ್ಕ ಹಾಕೋಣ. ನಮ್ಮ ಕೈಯಲ್ಲಿರುವ ಅಂಕಿ 2011ರದು, ಹೊಸ ಎಣಿಕೆ ಬಂದರೆ ಬದಲಾಗುತ್ತದೆ. ಯಾದಗಿರಿ ಜಿಲ್ಲೆ 11.74 ಲಕ್ಷ. ರಾಜ್ಯದಲ್ಲಿ ಒಂದು ಲೋಕಸಭಾ ಕ್ಷೇತ್ರದ ಸರಾಸರಿ 21.8 ಲಕ್ಷ. ಅಂದರೆ ಯಾದಗಿರಿ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಜಿಲ್ಲೆ ಒಂದೇ ಒಂದು ಕ್ಷೇತ್ರ ಆಗಬೇಕಾದರೆ ಕರ್ನಾಟಕಕ್ಕೆ ಸುಮಾರು 52 ಸೀಟು ಬೇಕು. ಇದನ್ನು ಹೇಳಲು ನನಗೆ ಖುಷಿ ಇಲ್ಲ, ಆದರೆ ಸಹಿ ಹಾಕುವ ಮುಂಚೆ ನಿಮ್ಮೂರಿನವರಿಗೆ ಇದು ಗೊತ್ತಿರಬೇಕು.

ಗದಗ ಜಿಲ್ಲೆ ನಮಗೆ ಒಳ್ಳೆ ಪಾಠ. ಹಾವೇರಿ, ಗದಗ ಎರಡೂ 1997ರಲ್ಲಿ ಒಟ್ಟಿಗೇ ಜಿಲ್ಲೆ ಆದವು. 2008ರಲ್ಲಿ ಹಾವೇರಿ ಹೆಸರಲ್ಲಿ ಹೊಸ ಲೋಕಸಭಾ ಕ್ಷೇತ್ರ ಬಂತು. ಗದಗಕ್ಕೆ ಬರಲಿಲ್ಲ. ಗದಗ, ರೋಣ, ಶಿರಹಟ್ಟಿ ಹಾವೇರಿ ಕ್ಷೇತ್ರಕ್ಕೆ, ನರಗುಂದ ಬಾಗಲಕೋಟೆಗೆ. ನಾಲ್ಕರಲ್ಲಿ ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ. ಯಾದಗಿರಿ ಥರಾನೇ, ಅಲ್ವಾ? ಅಲ್ಲಿ ಜಿಲ್ಲೆ ಮೊದಲೇ ಇತ್ತು, ಆದರೂ ಒಡೆಯಿತು. ನಾಲ್ಕು ಎಂಎಲ್‌ಎ ಕ್ಷೇತ್ರದ ಜಿಲ್ಲೆಗೆ ಪಕ್ಕದವರ ಜೊತೆ ಸೇರದೆ ದಾರಿಯಿಲ್ಲ. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಎರಡು ಜಿಲ್ಲೆಯಿಂದ ನಾಲ್ಕು ನಾಲ್ಕು ಸೇರಿ ಎಂಟಾಗಿವೆ, ಹೆಸರಲ್ಲೂ ಇಬ್ಬರೂ ಇದ್ದಾರೆ. ನಡುವೆ ಘಟ್ಟ ಇದ್ದರೂ ಮಾಡಿದ್ದಾರೆ.

ಹಾಗಾದರೆ ಯಾದಗಿರಿ ಯಾರ ಜೊತೆ ಸೇರಬೇಕು? ನಿಮ್ಮೂರಿನಲ್ಲಿ ಚರ್ಚೆ ಆಗಬೇಕಾದ್ದು ಇದೇ.

ಸುಲಭವಾಗಿ ಕಾಣುವ ದಾರಿ, ಗುರುಮಠಕಲ್‌ನ್ನೂ ರಾಯಚೂರು ಕ್ಷೇತ್ರಕ್ಕೆ ಸೇರಿಸಿ ನಾಲ್ಕನ್ನೂ ಒಟ್ಟು ಮಾಡುವುದು. ‘ರಾಯಚೂರು-ಯಾದಗಿರಿ’ ಅಂತ ಹೆಸರೂ ಕೇಳಬಹುದು. ಸೀಟು ಹೆಚ್ಚದಿದ್ದರೂ ಇದು ಆಗಬಲ್ಲದು. ಆದರೆ ಅಲ್ಲಿ ಒಂಬತ್ತಾಗುತ್ತದೆ, ಒಂದನ್ನು ಹೊರಗೆ ಕಳಿಸಬೇಕು. ಲಿಂಗಸುಗೂರನ್ನು ಕೊಪ್ಪಳಕ್ಕೆ ಕಳಿಸಿದರೆ ಅಲ್ಲಿ ಒಂಬತ್ತಾಗುತ್ತದೆ. ಇತ್ತ ಗುಲ್ಬರ್ಗಾದಲ್ಲಿ ಏಳೇ ಉಳಿಯುತ್ತದೆ, ಆಳಂದ ವಾಪಸ್ ಬಂದರೆ ಬೀದರ್‌ನಲ್ಲಿ ಏಳು. ಒಂದು ಕಡೆ ಎಳೆದರೆ ಐದು ಕಡೆ ಅಲುಗುತ್ತದೆ. ಎಲ್ಲ ಕಡೆಯೂ ವಿರೋಧ ಏಳುತ್ತದೆ. ಜೊತೆಗೆ ನಡುವೆ ಕೃಷ್ಣೆ ಇದ್ದಾಳೆ. ಸುರಪುರ, ಶಹಾಪುರ ಈಚೆ ದಡ, ದೇವದುರ್ಗ, ಲಿಂಗಸುಗೂರು ಆಚೆ ದಡ. ಗೆರೆ ಎಳೆಯುವಾಗ ನದಿ, ಗುಡ್ಡ, ಆಡಳಿತ ಗಡಿ, ಓಡಾಟದ ಅನುಕೂಲ ನೋಡಬೇಕು ಅಂತ 2002ರ ಮರುವಿಂಗಡಣಾ ಕಾಯ್ದೆಯ 9ನೇ ಕಲಮು ಹೇಳುತ್ತದೆ. ನೋಡಬೇಕು ಅನ್ನುತ್ತದೆ, ಅದೇ ಕೊನೆಯ ಮಾತು ಅನ್ನುವುದಿಲ್ಲ. 2022ರಲ್ಲಿ ಜಮ್ಮು ಕಾಶ್ಮೀರದಲ್ಲಿ ಅನಂತನಾಗ್-ರಾಜೌರಿ ಅಂತ ಹೊಸ ಕ್ಷೇತ್ರ ಮಾಡಿದಾಗ ನಡುವೆ ಪೀರ್ ಪಂಜಾಲ್ ಬೆಟ್ಟಸಾಲೇ ಇತ್ತು.

ಇನ್ನೊಂದು ದಾರಿ ಕಲಬುರಗಿ ಕಡೆ ಮುಖ ಮಾಡುವುದು. ನನ್ನ ಒಲವು ಇತ್ತ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಸೇರಿ 54.44 ಲಕ್ಷ ಜನ, 19 ವಿಧಾನಸಭಾ ಕ್ಷೇತ್ರ. ಈಗಿನ ಸರಾಸರಿಯಲ್ಲಿ ನಮಗೆ ಬರುವುದು ಎರಡೂವರೆ ಸೀಟು. ಎರಡು ಪೂರ್ತಿ ಇವೆ, ಆ ಅರ್ಧ ರಾಯಚೂರಿನೊಳಗೆ ಇದೆ. ರಾಜ್ಯದ ಸೀಟು 34ರ ಆಸುಪಾಸಿಗೆ ಹೋದರೆ, 2011ರ ಅಂಕಿಯಲ್ಲೇ ಮೂರು ಜಿಲ್ಲೆಗೆ ಮೂರು ಸೀಟು ಕೂರುತ್ತವೆ. ಆಗ ಬೀದರ್‌ಗೆ ಅದರ ಆರು. ಕಲಬುರಗಿಗೆ ಉತ್ತರ, ದಕ್ಷಿಣ, ಗ್ರಾಮೀಣ, ಆಳಂದ, ಅಫಜಲಪುರ, ಚಿಂಚೋಳಿ. ಯಾದಗಿರಿಗೆ ತನ್ನ ನಾಲ್ಕು, ಜೊತೆಗೆ ಜೇವರ್ಗಿ, ಚಿತ್ತಾಪುರ, ಸೇಡಂ. ಇದು ನನ್ನ ಲೆಕ್ಕ, ಯಾವ ಸರ್ಕಾರಿ ಕಾಗದದಲ್ಲೂ ಇಲ್ಲ. ವಾಟ್ಸಾಪ್ ನಕ್ಷೆಯಲ್ಲಿ ದೇವದುರ್ಗ ಸೇರಿಸಿದ್ದಕ್ಕಿಂತ ಇದು ಭೂಗೋಳಕ್ಕೆ ಹೊಂದುತ್ತದೆ ಅನ್ನೋದಷ್ಟೇ ನನ್ನ ಮಾತು. ಇದರಲ್ಲೂ ತೊಂದರೆ ಇದೆ. ಚಿತ್ತಾಪುರದವರ ದಿನದ ಓಡಾಟ ಕಲಬುರಗಿಗೆ. ಅವರು ಯಾದಗಿರಿ ಹೆಸರಿನ ಕ್ಷೇತ್ರಕ್ಕೆ ಬರಲು ಒಪ್ಪುತ್ತಾರಾ? ಇವತ್ತು ನೀವು ಹೇಳುತ್ತಿರುವ ದೂರನ್ನೇ ನಾಳೆ ಅವರು ಹೇಳಬಹುದು. ವಿಧಾನಸಭಾ ಕ್ಷೇತ್ರಗಳ ಸಂಖ್ಯೆಯೂ ಆಗ ಬದಲಾಗುತ್ತದೆ, ಹಾಗಾಗಿ ಹೆಸರುಗಳು ಇವೇ ಇರಲಿಕ್ಕಿಲ್ಲ.

ಸೀಟು ಹೆಚ್ಚದೆ ಬರೀ ಗಡಿ ಬದಲಾದರೆ? ಆಗ ನನ್ನ ಭಯ ಪಕ್ಕದ ಜಿಲ್ಲೆಯವರದ್ದಲ್ಲ, ಬೆಂಗಳೂರಿನದ್ದು. 2011ರಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ. ಅಲ್ಲಿ 28 ವಿಧಾನಸಭಾ ಕ್ಷೇತ್ರ ಇವೆ, ಜನಸಂಖ್ಯೆ ಪ್ರಕಾರ 35 ಬರಬೇಕು. ಆ ಏಳು ಎಲ್ಲಿಂದ ಬರುತ್ತವೆ? ಉಳಿದ ಜಿಲ್ಲೆಗಳಿಂದ.

ಮೀಸಲಾತಿಯ ಪ್ರಶ್ನೆ. ಪಂಚಾಯಿತಿಯಲ್ಲಿ ಮೀಸಲು ಸುತ್ತುತ್ತದೆ, ಹಾಗಾಗಿ ಲೋಕಸಭೆಯಲ್ಲೂ ಚುನಾವಣೆಗೊಮ್ಮೆ ಸುತ್ತುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ಕ್ಷೇತ್ರ ಒಮ್ಮೆ ಗೊತ್ತಾದರೆ ಮುಂದಿನ ಮರುವಿಂಗಡಣೆವರೆಗೆ ಹಾಗೇ. 2008ರಲ್ಲಿ ಬೀದರ್ ಮೀಸಲಿನಿಂದ ಸಾಮಾನ್ಯಕ್ಕೆ ಬಂತು, ಗುಲ್ಬರ್ಗಾ ಸಾಮಾನ್ಯದಿಂದ ಪರಿಶಿಷ್ಟ ಜಾತಿ ಮೀಸಲಿಗೆ ಹೋಯಿತು, ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ನಿಮ್ಮ ಗುರುಮಠಕಲ್ ವಿಧಾನಸಭಾ ಕ್ಷೇತ್ರವೇ ಮೀಸಲಿನಿಂದ ಸಾಮಾನ್ಯವಾಯಿತು. ಅಲ್ಲಿಂದ ಮತ್ತೆ ಮತ್ತೆ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆ ಅವರು ಆಗ ಮೀಸಲಾದ ಚಿತ್ತಾಪುರಕ್ಕೆ ಹೋಗಿ ನಿಂತರು. ಪಂಗಡದ ಕ್ಷೇತ್ರ ಆ ಜನ ಅತಿ ಹೆಚ್ಚು ಪ್ರಮಾಣದಲ್ಲಿರುವ ಕಡೆ ಬರುತ್ತದೆ. ಜಾತಿಯ ಕ್ಷೇತ್ರಗಳಿಗೆ ಪ್ರಮಾಣದ ಜೊತೆಗೆ ರಾಜ್ಯದ ಬೇರೆ ಬೇರೆ ಭಾಗಕ್ಕೆ ಹಂಚಬೇಕೆಂಬ ನಿಯಮವೂ ಇದೆ. ಇದರ ಮೇಲೆ 2023ರ 106ನೇ ತಿದ್ದುಪಡಿಯ ಮಹಿಳಾ ಮೀಸಲಾತಿ ಬರುತ್ತದೆ, ಮೂರರಲ್ಲಿ ಒಂದು ಪಾಲು. ಹೊಸ ಗಡಿಯಲ್ಲಿ ನಿಮ್ಮ ಕ್ಷೇತ್ರ ಯಾವ ಮೀಸಲಿಗೆ ಬರುತ್ತದೆ ಅಂತ ಈಗಲೇ ಹೇಳುವವರು ಸುಮ್ನೆ ಹೇಳುತ್ತಿದ್ದಾರೆ. ಯಾವುದೇ ಮೀಸಲು ಬಂದರೂ ಅದು ಊರಿಗೆ ನಷ್ಟವಲ್ಲ ಅಂತ ನಾನು ಮನಸಾರೆ ನಂಬುತ್ತೇನೆ. ಓಟು ಎಲ್ಲರದ್ದೂ, ಎಂಪಿಯೂ ಎಲ್ಲರಿಗೂ.

371ಜೆ ಭಯವನ್ನು ಪೂರ್ತಿ ಬಿಡಿ. ಅದು ನೋಡುವುದು ಪ್ರದೇಶವನ್ನು, ಹುಟ್ಟು ಮತ್ತು ವಾಸವನ್ನು. ನೀವು ಯಾವ ಎಂಪಿಗೆ ಓಟು ಹಾಕುತ್ತೀರಿ ಅನ್ನೋದನ್ನಲ್ಲ. ಹರಪನಹಳ್ಳಿ ಲೋಕಸಭೆಗೆ ದಾವಣಗೆರೆ ಕ್ಷೇತ್ರದಲ್ಲಿದೆ, 371ಜೆ ಸೌಲಭ್ಯ ಅದಕ್ಕೂ ಇದೆ. ಪಹಣಿ, ರೇಷನ್ ಕಾರ್ಡ್ ಏನೂ ಬದಲಾಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಕ್ಷೇತ್ರ, ಭಾಗದ ಸಂಖ್ಯೆ ಬದಲಾಗಬಹುದು, ಅಷ್ಟೇ.

ಈಗ ಮಾಡಬೇಕಾದ್ದು. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಇದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. 2025ರ ಜೂನ್ ಅಧಿಸೂಚನೆ ಪ್ರಕಾರ ಹೊಸ ಜನಗಣತಿಗೆ ಆಧಾರ ದಿನ 2027ರ ಮಾರ್ಚ್ 1. ಅಂದರೆ ಜನರ ಎಣಿಕೆ ಫೆಬ್ರುವರಿಯಲ್ಲಿ. ನಮ್ಮ ಕಡೆ ಫೆಬ್ರುವರಿ ಅಂದರೆ ಏನು? ತೊಗರಿ ರಾಶಿ ಮುಗಿದಿರುತ್ತದೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದ ಮನೆಗಳಿಗೆ ಬೀಗ ಬಿದ್ದಿರುತ್ತದೆ. ತಾಂಡಾಗಳಲ್ಲಿ ಮುದುಕರು ಮಾತ್ರ ಉಳಿದಿರುತ್ತಾರೆ. ಎಣಿಕೆಯ ಅವಧಿಯಲ್ಲಿ ಒಂದು ದಿನವೂ ಊರಲ್ಲಿ ಇರದವರನ್ನು ಆ ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವರು ಎಲ್ಲಿದ್ದಾರೋ ಅಲ್ಲಿ ಎಣಿಸುತ್ತಾರೆ. ಅಲ್ಲೂ ಕಟ್ಟಡದ ಶೆಡ್‌ನಲ್ಲಿ ಬಿಟ್ಟುಹೋಗುವ ಸಂಭವವೇ ಜಾಸ್ತಿ. ಯಾದಗಿರಿ ಕಳೆದುಕೊಂಡ ಒಂದೊಂದು ತಲೆಯೂ ಬೆಂಗಳೂರಿನ ಪಾಲಿಗೆ ಸೇರುತ್ತದೆ, ಇಲ್ಲವೇ ಎಲ್ಲೂ ಸೇರುವುದಿಲ್ಲ. ಹತ್ತು ಸಾವಿರ ಸಹಿ ಮಾಡದ ಕೆಲಸವನ್ನು ಈ ಎಣಿಕೆ ಮಾಡುತ್ತದೆ.

ನೀವು ಶಿಕ್ಷಕರು. ಎಣಿಕೆ ಕೆಲಸ ನಿಮಗೋ ನಿಮ್ಮ ಜೊತೆಯವರಿಗೋ ಬೀಳುತ್ತದೆ. ಇಲ್ಲದವರನ್ನು ಇದ್ದಾರೆ ಅಂತ ಬರೆಯುವುದು ಅಪರಾಧ, ಅದನ್ನು ಮಾಡಬೇಡಿ. ಆದರೆ ಬೀಗ ಹಾಕಿದ ಮನೆಗೆ ಒಂದೇ ಸಲ ಹೋಗಿ ಬಿಟ್ಟುಬಿಡಬೇಡಿ. ಜಾತ್ರೆಗೋ ಮದುವೆಗೋ ಅವಧಿಯ ನಡುವೆ ಬಂದುಹೋಗುವವರು ನಿಮ್ಮೂರಿನವರೇ. ಗುಳೆ ಹೋದ ಕಡೆಯೇ ಇರುವವರಿಗೆ ಫೋನ್ ಮಾಡಿ, ಎಲ್ಲಿದ್ದರೂ ಎಣಿಕೆಯಲ್ಲಿ ಬರುವಂತೆ ಹೇಳಿ.

ಆಮೇಲೆ ಕರಡು ಬರುತ್ತದೆ. ಆಯೋಗದಲ್ಲಿ ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ, ಕೇಂದ್ರ ಚುನಾವಣಾ ಆಯೋಗದವರು, ರಾಜ್ಯ ಚುನಾವಣಾ ಆಯುಕ್ತರು ಇರುವುದು ಈವರೆಗಿನ ಪದ್ಧತಿ. ರಾಜ್ಯದ ಐವರು ಎಂಪಿ, ಐವರು ಎಂಎಲ್‌ಎ ಜೊತೆಗೆ ಕೂರುತ್ತಾರೆ, ಆದರೆ ಅವರಿಗೆ ಮತ ಇಲ್ಲ. ಕರಡಿನ ಮೇಲೆ ಸಾರ್ವಜನಿಕ ಸಭೆ ನಡೆಯುತ್ತದೆ. ನಿಮ್ಮ ಮಾತು ನಡೆಯುವುದು ಅಲ್ಲಿ ಮಾತ್ರ. ಅಂತಿಮ ಆದೇಶ ಬಂದ ಮೇಲೆ ಲೋಕಸಭೆಯೂ ಅದನ್ನು ತಿದ್ದುವ ಹಾಗಿಲ್ಲ. ಸಂವಿಧಾನದ 329ನೇ ವಿಧಿ ಕೋರ್ಟಿನ ದಾರಿಯನ್ನೂ ಬಹುಮಟ್ಟಿಗೆ ಮುಚ್ಚುತ್ತದೆ. ಆದೇಶ ತೀರಾ ಮನಬಂದಂತೆ ಇದ್ದರೆ ನೋಡಬಹುದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಆ ಬಾಗಿಲು ಬಹಳ ಕಿರಿದು.

ನಾನು ಓದಿದ ಮನವಿಗಳಲ್ಲಿ ‘ಜನರ ಭಾವನೆಗೆ ಧಕ್ಕೆ’ ಅಂತ ಬರೆದವು ಕಡತದಲ್ಲೇ ಉಳಿದವು. ಹೋಬಳಿವಾರು ಜನಸಂಖ್ಯೆ, ಬಸ್ಸು ಎಲ್ಲಿಗೆ ಹೋಗುತ್ತದೆ, ಕಚೇರಿ ಎಷ್ಟು ದೂರ, ನದಿಗೆ ಸೇತುವೆ ಎಲ್ಲಿದೆ ಅಂತ ಬರೆದವರ ಕಾಗದವನ್ನು ಮೇಲಿನವರು ತಿರುವಿ ನೋಡಿದರು. ಅದರಲ್ಲೂ ‘ನಮ್ಮನ್ನು ತೆಗೆದರೆ ಆ ಜಾಗಕ್ಕೆ ಯಾರನ್ನು ಸೇರಿಸಬೇಕು’ ಅಂತ ಬರೆದ ಮನವಿಗೆ ತೂಕ ಹೆಚ್ಚು. ಹಿಂದಿನ ಸಲ ಸರಾಸರಿಗಿಂತ ಶೇಕಡಾ 10ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಇತ್ತು. ನಿಮ್ಮ ಲೆಕ್ಕ ಅದರೊಳಗೆ ಕೂರಬೇಕು.

ಸಹಿ ಸಂಗ್ರಹಕ್ಕೆ ಹಣ ಕೊಡಬೇಕಿಲ್ಲ. ಆಯೋಗಕ್ಕೆ ಮನವಿ ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕರಡು ಬರುವ ಮೊದಲು ಕೊಟ್ಟ ಸಹಿ ಯಾರ ಮೇಜಿಗೂ ಹೋಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಒಂದು ಠರಾವು ಮಾಡಿಟ್ಟುಕೊಳ್ಳಿ, ಅದು ಸಾಕು.

ಅಲ್ಲಿವರೆಗೆ ಇಬ್ಬರು ಎಂಪಿಗಳನ್ನೂ ಬಳಸಿಕೊಳ್ಳಿ. ಕೇಂದ್ರದ ಯೋಜನೆಗಳ ಕೆಲಸ ನೋಡುವ ಜಿಲ್ಲೆಯ ದಿಶಾ ಸಮಿತಿಯಲ್ಲಿ ಇಬ್ಬರಿಗೂ ಜಾಗ ಇದೆ. ಒಬ್ಬೊಬ್ಬರಿಗೂ ವರ್ಷಕ್ಕೆ 5 ಕೋಟಿ ಸಂಸದರ ನಿಧಿ ಇದೆ, ತಮ್ಮ ಕ್ಷೇತ್ರದ ಯಾವ ಜಿಲ್ಲೆಯಲ್ಲಾದರೂ ಕೆಲಸಕ್ಕೆ ಶಿಫಾರಸು ಮಾಡಬಹುದು. ಗುರುಮಠಕಲ್ ರಸ್ತೆಯ ಅರ್ಜಿ ಗುಲ್ಬರ್ಗಾ ಎಂಪಿಗೆ ಕೊಡಿ, ಯಾದಗಿರಿ ನಿಲ್ದಾಣದ ರೈಲಿನ ಅರ್ಜಿಯನ್ನು ಇಬ್ಬರಿಗೂ ಕೊಡಿ. ಠರಾವಿನ ಕರಡು ಬರೆದ ಮೇಲೆ, ಹೋಬಳಿವಾರು ಅಂಕಿಗಳ ಜೊತೆ ನನಗೆ ಕಳಿಸಿ. ಓದಿ ತಿದ್ದಿ ಕೊಡುತ್ತೇನೆ.